ಬ್ರೌಸರ್ ನವೀಕರಣದ ನಂತರ ಎಕ್ಸ್‌ಟೆನ್ಷನ್ ಕೈಕೊಟ್ಟರೆ: ಕಚೇರಿಯಲ್ಲಿ ಅನುಸರಿಸಬೇಕಾದ ಕ್ರಮಗಳು

ವರ್ತಕರ ಹಾಗೂ ಉದ್ಯಮಿಗಳ ಕಚೇರಿ ಕೆಲಸದ ಬಹುಪಾಲು ಇಂದು ಬ್ರೌಸರ್ ಎಂಬ ಒಂದೇ ತಂತ್ರಾಂಶದ ಮೂಲಕ ನಡೆಯುತ್ತಿದೆ. ಜಿ.ಎಸ್.ಟಿ. ರಿಟರ್ನ್, ಇ-ಟೆಂಡರ್, ಬ್ಯಾಂಕ್ ವ್ಯವಹಾರ, ಗ್ರಾಹಕರೊಡನೆ ಪತ್ರವ್ಯವಹಾರ ಎಲ್ಲಕ್ಕೂ ಅದೇ ಹೆಬ್ಬಾಗಿಲು. ಈ ಬ್ರೌಸರ್‌ಗೆ ಹೆಚ್ಚುವರಿ ಸಾಮರ್ಥ್ಯ ಒದಗಿಸುವ ಕಿರುತಂತ್ರಾಂಶಗಳೇ ಎಕ್ಸ್‌ಟೆನ್ಷನ್‌ಗಳು. ಪಾಸ್‌ವರ್ಡ್‌ಗಳನ್ನು ಕಾಪಾಡುವುದು, ಜಾಹೀರಾತು ತಡೆಯುವುದು, ಡಿಜಿಟಲ್ ಸಹಿ ಹಾಕಲು ನೆರವಾಗುವುದು ಇವುಗಳ ಕೆಲಸ. ನಿನ್ನೆಯವರೆಗೆ ಸರಿಯಾಗಿದ್ದ ಎಕ್ಸ್‌ಟೆನ್ಷನ್ ಬ್ರೌಸರ್ ನವೀಕರಣಗೊಂಡ ಮರುದಿನ ಸ್ತಬ್ಧವಾದರೆ, ಅದೇ ದಿನ ಟೆಂಡರ್ ಸಲ್ಲಿಕೆಯ ಕೊನೆಯ ದಿನವಾಗಿದ್ದರೆ, ನಷ್ಟದ ಪ್ರಮಾಣವನ್ನು ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಆದುದರಿಂದ ಈ ತೊಂದರೆಯ ಕಾರಣ ಮತ್ತು ಪರಿಹಾರವನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಕಾರಣಗಳೇನು?

ಮೊದಲನೆಯದು, ಬ್ರೌಸರ್ ತಯಾರಕರು ನಿಯಮವನ್ನೇ ಬದಲಿಸುವುದು. 2017ರ ನವೆಂಬರ್‌ನಲ್ಲಿ ಬಿಡುಗಡೆಯಾದ ಫೈರ್‌ಫಾಕ್ಸ್ 57ನೇ ಆವೃತ್ತಿಯು ಹಳೆಯ ವಿನ್ಯಾಸದ ಎಲ್ಲ ಎಕ್ಸ್‌ಟೆನ್ಷನ್‌ಗಳನ್ನು ಕೈಬಿಟ್ಟಿತು. ಗೂಗಲ್ ಸಂಸ್ಥೆಯು ಮ್ಯಾನಿಫೆಸ್ಟ್ ವಿ2 ಎಂಬ ಹಳೆಯ ಮಾದರಿಯನ್ನು 2024ರಿಂದ ಹಂತಹಂತವಾಗಿ ನಿಲ್ಲಿಸುತ್ತ ಬಂದು, 2025ರಲ್ಲಿ ಹೊರಬಂದ ಕ್ರೋಮ್ 139ನೇ ಆವೃತ್ತಿಯಲ್ಲಿ ಸಂಪೂರ್ಣವಾಗಿ ತೆಗೆದುಹಾಕಿತು. ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಕ್ರೋಮ್‌ನಲ್ಲಿ ನಿಂತುಹೋದದ್ದು ಇದರಿಂದಲೇ. ಇಂತಹ ಸಂದರ್ಭದಲ್ಲಿ ದುರಸ್ತಿಗೆ ಅವಕಾಶವಿಲ್ಲ. ಬದಲಿ ಎಕ್ಸ್‌ಟೆನ್ಷನ್ ಹುಡುಕುವುದೊಂದೇ ಮಾರ್ಗ.

ಎರಡನೆಯದು, ಎಕ್ಸ್‌ಟೆನ್ಷನ್ ತಾನೇ ನವೀಕರಣಗೊಂಡು ಹೊಸ ಅನುಮತಿ ಕೇಳುವುದು. ಬಳಕೆದಾರರು ಒಪ್ಪಿಗೆ ನೀಡುವವರೆಗೆ ಕ್ರೋಮ್ ಅದನ್ನು ತಡೆಹಿಡಿಯುತ್ತದೆ. ಮೂರನೆಯದು, ಒಂದು ಎಕ್ಸ್‌ಟೆನ್ಷನ್ ಮತ್ತೊಂದರ ಕೆಲಸಕ್ಕೆ ಅಡ್ಡಿಯಾಗುವುದು. ನಾಲ್ಕನೆಯದು, ಬ್ರೌಸರ್ ತಯಾರಕರ ಕಡೆಯಿಂದಲೇ ಆಗುವ ಲೋಪ. 2019ರ ಮೇ ತಿಂಗಳ ಆರಂಭದಲ್ಲಿ, ಸಹಿಯನ್ನು ದೃಢೀಕರಿಸುವ ಪ್ರಮಾಣಪತ್ರವೊಂದರ ಅವಧಿ ಮುಗಿದ ಕಾರಣ ಫೈರ್‌ಫಾಕ್ಸ್ ಬಳಕೆದಾರರ ಎಕ್ಸ್‌ಟೆನ್ಷನ್‌ಗಳು ಜಗತ್ತಿನಾದ್ಯಂತ ಏಕಕಾಲಕ್ಕೆ ನಿಷ್ಕ್ರಿಯವಾದವು.

ಪರೀಕ್ಷೆಯ ಕ್ರಮ

1. ಬ್ರೌಸರ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ ಪುನಃ ತೆರೆಯಿರಿ. ನವೀಕರಣಕ್ಕೆ ಮುನ್ನ ತೆರೆದಿದ್ದ ಪುಟದಲ್ಲಿ ಎಕ್ಸ್‌ಟೆನ್ಷನ್ ಸಂಪರ್ಕ ಕಡಿದಿರುವುದುಂಟು. ಅನೇಕ ವೇಳೆ ಇಷ್ಟರಿಂದಲೇ ತೊಂದರೆ ನಿವಾರಣೆಯಾಗುತ್ತದೆ.

2. ಬ್ರೌಸರ್‌ನ ಮೆನುವಿನಿಂದ ಎಕ್ಸ್‌ಟೆನ್ಷನ್‌ಗಳ ಪುಟಕ್ಕೆ ಹೋಗಿ. ಸ್ವಿಚ್ ಆನ್ ಆಗಿದೆಯೇ, ಅನುಮತಿ ಕೇಳಿದೆಯೇ, 'ಇನ್ನು ಬೆಂಬಲವಿಲ್ಲ' ಎಂಬ ಅರ್ಥದ ಸಂದೇಶವಿದೆಯೇ ನೋಡಿ. 'ರಿಪೇರ್' ಗುಂಡಿ ಕಂಡುಬಂದರೆ ಅದನ್ನು ಒತ್ತಬಹುದು.

3. 'ಡೀಟೇಲ್ಸ್' ವಿಭಾಗದಲ್ಲಿ ಜಾಲತಾಣ ಪ್ರವೇಶದ ಅನುಮತಿ ಪರಿಶೀಲಿಸಿ. ಎಕ್ಸ್‌ಟೆನ್ಷನ್ ಚಾಲ್ತಿಯಲ್ಲಿದ್ದರೂ ನಿರ್ದಿಷ್ಟ ತಾಣದಲ್ಲಿ ಅನುಮತಿಯಿಲ್ಲದಿದ್ದರೆ ಅದು ಅಲ್ಲಿ ಕೆಲಸ ಮಾಡದು.

4. ಉಳಿದ ಎಲ್ಲ ಎಕ್ಸ್‌ಟೆನ್ಷನ್‌ಗಳನ್ನು ಆಫ್ ಮಾಡಿ, ಬೇಕಾದುದನ್ನು ಮಾತ್ರ ಪರೀಕ್ಷಿಸಿ. ಅದು ಸರಿಯಾಗಿ ನಡೆದರೆ ಉಳಿದವನ್ನು ಒಂದೊಂದಾಗಿ ಆನ್ ಮಾಡುತ್ತ ಹೋಗಿ. ಯಾವುದನ್ನು ಆನ್ ಮಾಡಿದಾಗ ತೊಂದರೆ ಮರುಕಳಿಸುವುದೋ ಅಡ್ಡಿ ಅದರದೇ.

5. ಬ್ರೌಸರ್‌ನಲ್ಲಿ ಹೊಸ ಪ್ರೊಫೈಲ್ ತೆರೆದು ಆ ಎಕ್ಸ್‌ಟೆನ್ಷನ್ ಒಂದನ್ನೇ ಅಳವಡಿಸಿ. ಅಲ್ಲಿ ನಡೆದರೆ ದೋಷವು ಹಳೆಯ ಪ್ರೊಫೈಲ್‌ನಲ್ಲಿದೆ. ಅಲ್ಲಿಯೂ ನಡೆಯದಿದ್ದರೆ ಎಕ್ಸ್‌ಟೆನ್ಷನ್ ತಯಾರಕರಿಗೆ ಬ್ರೌಸರ್ ಹಾಗೂ ಎಕ್ಸ್‌ಟೆನ್ಷನ್ ಎರಡರ ಆವೃತ್ತಿ ಸಂಖ್ಯೆಯನ್ನೂ ನಮೂದಿಸಿ ದೂರು ಬರೆಯಿರಿ.

ಎಕ್ಸ್‌ಟೆನ್ಷನ್ ಅನ್ನು ತೆಗೆದು ಮತ್ತೆ ಅಳವಡಿಸುವುದು ಕೊನೆಯ ಹಂತದ ಕ್ರಮವಾಗಿರಲಿ. ತೆಗೆದುಹಾಕಿದೊಡನೆ ಗಣಕಯಂತ್ರದಲ್ಲಿ ಅದು ಕೂಡಿಟ್ಟ ಮಾಹಿತಿಯೂ ಅಳಿಸಿಹೋಗುತ್ತದೆ. 2019ರ ಘಟನೆಯಲ್ಲಿ ಮೊಜಿಲ್ಲಾ ಸಂಸ್ಥೆಯು ಬಳಕೆದಾರರಿಗೆ ಹಾಗೆ ಮಾಡಬೇಡಿರೆಂದು ವಿನಂತಿಸಿದ್ದು ಇದೇ ಕಾರಣಕ್ಕೆ. ಮೊದಲು 'ಎಕ್ಸ್‌ಪೋರ್ಟ್' ಸೌಲಭ್ಯದಿಂದ ಪ್ರತಿ ತೆಗೆದುಕೊಳ್ಳತಕ್ಕದ್ದು.

ಡಿಜಿಟಲ್ ಸಹಿ ಬಳಸುವವರಿಗೆ

ಸಹಿಗೆ ಸಂಬಂಧಿಸಿದ ಎಕ್ಸ್‌ಟೆನ್ಷನ್‌ಗಳು ಸಾಮಾನ್ಯವಾಗಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಗಣಕಯಂತ್ರದಲ್ಲಿ ಅಳವಡಿಸಿದ ಜೊತೆ ತಂತ್ರಾಂಶ, ಯು.ಎಸ್.ಬಿ. ಟೋಕನ್‌ನ ಡ್ರೈವರ್ ಮತ್ತು ಎಕ್ಸ್‌ಟೆನ್ಷನ್, ಈ ಮೂರರ ಕೊಂಡಿ ಸರಿಯಾಗಿದ್ದರೆ ಮಾತ್ರ ಸಹಿ ಬೀಳುತ್ತದೆ. ಆದುದರಿಂದ ಎಕ್ಸ್‌ಟೆನ್ಷನ್ ಸರಿಯಿದ್ದೂ ಸಹಿ ಆಗದಿದ್ದರೆ, ಟೋಕನ್ ತಂತ್ರಾಂಶದಲ್ಲಿ ಪ್ರಮಾಣಪತ್ರ ಕಾಣುತ್ತಿದೆಯೇ, ಅದರ ಅವಧಿ ಉಳಿದಿದೆಯೇ, ಜೊತೆ ತಂತ್ರಾಂಶ ಚಾಲನೆಯಲ್ಲಿದೆಯೇ ಎಂದು ನೋಡಬೇಕು. ಜಾವಾ ಆ್ಯಪ್ಲೆಟ್ ಬಳಸುತ್ತಿದ್ದ ಹಳೆಯ ವಿಧಾನವನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಕೈಬಿಟ್ಟಿವೆ. ಹಳೆಯ ಸೂಚನಾಪತ್ರ ಹಿಡಿದು ಅದನ್ನು ಮರಳಿ ತರುವ ಯತ್ನ ವ್ಯರ್ಥ.

ಮಾಡಬಾರದ ಕೆಲಸಗಳು

ತೊಂದರೆ ತಪ್ಪಿಸಲೆಂದು ಬ್ರೌಸರ್ ನವೀಕರಣವನ್ನೇ ನಿಲ್ಲಿಸುವುದು ಸಲ್ಲದು. ಭದ್ರತೆಯ ಲೋಪಗಳನ್ನು ಮುಚ್ಚುವುದು ಆ ನವೀಕರಣವೇ. ಅಪರಿಚಿತ ಜಾಲತಾಣಗಳಿಂದ ಎಕ್ಸ್‌ಟೆನ್ಷನ್‌ನ ಹಳೆಯ ಪ್ರತಿ ಇಳಿಸಿಕೊಳ್ಳುವುದು ಇನ್ನೂ ಅಪಾಯಕರ. ಅಧಿಕೃತ ಮಳಿಗೆಯಿಂದ ಬಂದದ್ದರ ಮೇಲೂ ಎಚ್ಚರವಿರಬೇಕು. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಸಂಸ್ಥೆಯ ಎಕ್ಸ್‌ಟೆನ್ಷನ್‌ಗೇ ವಂಚಕರು ದುರುದ್ದೇಶದ ನವೀಕರಣ ಸೇರಿಸಿದ್ದರು. ಕಾರಣ ತಿಳಿಯದೆ ಹೊಸ ಅನುಮತಿ ಕೇಳುವ ಎಕ್ಸ್‌ಟೆನ್ಷನ್‌ಗೆ ಒಪ್ಪಿಗೆಯ ಗುಂಡಿ ಒತ್ತುವ ಮುನ್ನ ಒಂದು ಕ್ಷಣ ಯೋಚಿಸುವುದು ಲೇಸು.

ಸದಸ್ಯರಲ್ಲಿ ವಿನಂತಿ

ಜಿ.ಎಸ್.ಟಿ.ಆರ್.-3ಬಿ ಮಾಸಿಕ ರಿಟರ್ನ್‌ಗೆ ಸಾಮಾನ್ಯವಾಗಿ ಮುಂದಿನ ತಿಂಗಳ 20ನೇ ತಾರೀಖು ಕೊನೆಯ ದಿನ. ತಡವಾದ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ ಬೀಳುತ್ತದೆ. ಬ್ರೌಸರ್ ಕೆಟ್ಟಿತೆಂದ ಮಾತ್ರಕ್ಕೆ ಗಡುವು ಮುಂದೆ ಹೋಗದು. ಆದ್ದರಿಂದ ಪ್ರತಿ ಕಚೇರಿಯಲ್ಲೂ ಸಹಿ ಹಾಗೂ ತೆರಿಗೆ ಕೆಲಸಕ್ಕೆಂದೇ ಒಂದು ಪ್ರತ್ಯೇಕ ಪ್ರೊಫೈಲ್ ಇಟ್ಟು, ಅದರಲ್ಲಿ ಅಗತ್ಯವಾದ ಎಕ್ಸ್‌ಟೆನ್ಷನ್‌ಗಳನ್ನು ಮಾತ್ರ ಅಳವಡಿಸಿರಿ. ಎರಡನೆಯ ಬ್ರೌಸರ್ ಒಂದನ್ನು ಸಿದ್ಧವಾಗಿಡಿ. ಗಡುವಿಗೆ ಮೂರು ನಾಲ್ಕು ದಿನ ಮೊದಲೇ ಒಮ್ಮೆ ಟೋಕನ್ ಹಾಕಿ ಪರೀಕ್ಷಿಸಿರಿ. ಬಳಕೆಯಲ್ಲಿರುವ ಎಕ್ಸ್‌ಟೆನ್ಷನ್‌ಗಳ ಹೆಸರು, ಆವೃತ್ತಿ, ತಯಾರಕರ ಸಂಪರ್ಕ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ, ಬಲ್ಲ ಸಿಬ್ಬಂದಿ ರಜೆಯಲ್ಲಿದ್ದ ದಿನವೂ ಕೆಲಸ ನಿಲ್ಲುವುದಿಲ್ಲ.