ಕಿವಿ ಹಿಂಡಿ ಶುರುವಾದ ಅಳತೆ

ಕೋವಿಡ್ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ತಂದ, ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಈಗ ಎಲ್ಲರಿಗೂ ಪರಿಚಿತ. ಅದರ ಸ್ಪ್ರಿಂಗು ಬೆರಳು ನೋಯುವಷ್ಟು ಬಿಗಿಯಿಲ್ಲ, ಜಾರುವಷ್ಟು ಸಡಿಲವೂ ಇಲ್ಲ. ಈ ಹದ ಸುಮ್ಮನೆ ಬಂದದ್ದಲ್ಲ.

ಆಮ್ಲಜನಕ ಹೊತ್ತ ರಕ್ತ ಕೆಂಪು ಬೆಳಕನ್ನು ಹೆಚ್ಚಾಗಿ ಹಾಯಗೊಡುತ್ತದೆ, ಆಮ್ಲಜನಕ ಕಳೆದುಕೊಂಡ ರಕ್ತ ಅದನ್ನು ಹೀರುತ್ತದೆ. 1935ರಲ್ಲಿ ಜರ್ಮನಿಯ ಕಾರ್ಲ್ ಮಾಥೆಸ್ ಎರಡು ಬಗೆಯ ಬೆಳಕನ್ನು ಕಿವಿಯ ಮೂಲಕ ಹಾಯಿಸಿ ಈ ವ್ಯತ್ಯಾಸ ಹಿಡಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಗ್ಲೆನ್ ಮಿಲಿಕನ್ ಪೈಲಟ್‌ಗಳಿಗಾಗಿ ಹಗುರವಾದ ಸಾಧನ ಮಾಡಿ ಅದಕ್ಕೆ ಆಕ್ಸಿಮೀಟರ್ ಎಂದು ಹೆಸರಿಟ್ಟರು. ಆದರೆ ಬೆಳಕನ್ನು ತಡೆಯುವುದು ರಕ್ತವೊಂದೇ ಅಲ್ಲವಲ್ಲ. ಚರ್ಮ, ಮಾಂಸ, ಕಿವಿಯ ದಪ್ಪ ಎಲ್ಲವೂ ಪಾಲು ಕೇಳುತ್ತವೆ. ರಕ್ತದ ಪಾಲನ್ನಷ್ಟೇ ಬೇರ್ಪಡಿಸುವುದು ಹೇಗೆ?

ಮೇಯೋ ಕ್ಲಿನಿಕ್‌ನ ಅರ್ಲ್ ವುಡ್ ಕಂಡುಕೊಂಡ ದಾರಿ ಒತ್ತುವುದು. ಯುದ್ಧವಿಮಾನದ ಪೈಲಟ್‌ಗಳು ಪ್ರಜ್ಞೆ ತಪ್ಪದಂತೆ ಕಾಲು, ಹೊಟ್ಟೆಯನ್ನು ಗಾಳಿಯಿಂದ ಅದುಮುವ ಜಿ-ಸೂಟ್ ರೂಪಿಸಿದವರಲ್ಲಿ ಅವರೂ ಒಬ್ಬರು. 1940ರ ದಶಕದ ಕೊನೆಗೆ ಅವರು ಕಿವಿಯ ಸಾಧನಕ್ಕೆ ಗಾಳಿ ತುಂಬುವ ಪುಟ್ಟ ಕ್ಯಾಪ್ಸೂಲ್ ಜೋಡಿಸಿದರು. ಗಾಳಿ ತುಂಬಿದಂತೆ ಕಿವಿ ಬಿಳಿಚುತ್ತದೆ, ರಕ್ತ ಹೊರಗೋಡುತ್ತದೆ. ಆಗ ಸಿಕ್ಕ ಅಳತೆಯೇ ಸೊನ್ನೆ. ಗಾಳಿ ಬಿಟ್ಟು ರಕ್ತ ಮರಳಿದ ಮೇಲೆ ಮತ್ತೆ ಅಳೆದು ಕಳೆದರೆ ಉಳಿದದ್ದು ರಕ್ತದ ಲೆಕ್ಕ. ಆದರೂ ಹಿಂಡಿದ ಕಿವಿಯಲ್ಲಿ ರಕ್ತ ಪೂರ್ತಿ ಖಾಲಿಯಾಗುತ್ತಿರಲಿಲ್ಲ, ಕಿವಿಯ ದಪ್ಪವೂ ಮೊದಲಿನಂತೆ ಇರುತ್ತಿರಲಿಲ್ಲ.

1970ರ ದಶಕದ ಆರಂಭದಲ್ಲಿ ಜಪಾನಿನ ನಿಹಾನ್ ಕೊಹ್ಡೆನ್ ಕಂಪನಿಯ ಎಂಜಿನಿಯರ್ ತಕುವೊ ಅಯೊಯಾಗಿ ಬೇರೊಂದು ಕೆಲಸದಲ್ಲಿದ್ದರು. ರಕ್ತಕ್ಕೆ ಬಣ್ಣದ ದ್ರಾವಣ ಸೇರಿಸಿ, ಅದು ತಿಳಿಯಾಗುವುದನ್ನು ಕಿವಿಯ ಬೆಳಕಿನಲ್ಲಿ ನೋಡಿ ಹೃದಯ ಎಷ್ಟು ರಕ್ತ ಪಂಪು ಮಾಡುತ್ತಿದೆ ಎಂದು ಲೆಕ್ಕಹಾಕುವ ಯತ್ನವದು. ಪ್ರತಿ ನಾಡಿಮಿಡಿತಕ್ಕೂ ಅಳತೆಯ ಗೆರೆ ಕುಣಿದು ಕಾಟ ಕೊಡುತ್ತಿತ್ತು. ಎರಡು ತರಂಗಾಂತರದ ಬೆಳಕು ಬಳಸಿ ಆ ಕುಣಿತ ಅಳಿಸಹೊರಟರೆ, ಆಮ್ಲಜನಕದ ಪ್ರಮಾಣ ಬದಲಾದಾಗ ಲೆಕ್ಕ ಕೆಡುತ್ತಿತ್ತು. ಅಲ್ಲೇ ಅವರಿಗೆ ಹೊಳೆಯಿತು: ಮಿಡಿತಕ್ಕೆ ತಕ್ಕಂತೆ ಏರಿಳಿಯುವುದು ಅಪಧಮನಿಯ ರಕ್ತ. ವುಡ್ ಕ್ಯಾಪ್ಸೂಲಿನಿಂದ ಮಾಡಿದ ಹೆಚ್ಚು-ಕಡಿಮೆಯನ್ನು ಹೃದಯವೇ ಮಾಡಿಕೊಡುತ್ತಿದೆ. ಅಂದಮೇಲೆ ಕಿವಿ ಹಿಂಡುವುದೇಕೆ? 1974ರಲ್ಲಿ ಅವರು ಇದನ್ನು ಮಂಡಿಸಿದರು. ಪಲ್ಸ್ ಆಕ್ಸಿಮೀಟರ್ ಹುಟ್ಟಿತು.

ಹಿಂಡುವುದು ತಪ್ಪಿತು, ಒತ್ತಡದ ಕಾಟ ತಪ್ಪಲಿಲ್ಲ. ಸಾಧನ ಚರ್ಮಕ್ಕೆ ಸರಿಯಾಗಿ ತಾಗದಿದ್ದರೆ ಹೊರಗಿನ ಬೆಳಕು ನುಸುಳುತ್ತದೆ. ಮೆಲ್ಲಗೆ ಅದುಮಿದರೆ ಕಡಿಮೆ ಒತ್ತಡದ ಅಭಿಧಮನಿ, ಲೋಮನಾಳಗಳ ರಕ್ತ ಸರಿದು ಮಿಡಿತ ಸ್ಪಷ್ಟವಾಗುತ್ತದೆ. ಇನ್ನೂ ಅದುಮಿದರೆ ಅಪಧಮನಿಯೇ ಮುಚ್ಚಿ ಮಿಡಿತ ಮಾಯ. ಜೊತೆಗೆ ಚರ್ಮದ ಪದರಗಳು ತೆಳುವಾಗಿ, ಒಳಗಿನ ನೀರು ಪಕ್ಕಕ್ಕೆ ಸರಿದು, ಬೆಳಕು ಚದರುವ ರೀತಿಯೂ ಬದಲಾಗುತ್ತದೆ.

ಇದೇ ತೊಡಕು ಇನ್ನೊಂದೆಡೆ ಉಪಕಾರಕ್ಕೆ ಬಂತು. ನವಜಾತ ಶಿಶುವಿಗೆ ಕಾಮಾಲೆಯಿದೆಯೇ ಎಂದು ನೋಡಲು ವೈದ್ಯರು ಹಣೆಯನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ. ರಕ್ತದ ಕೆಂಪು ಸರಿದ ಕ್ಷಣದಲ್ಲಿ ಅಡಿಯ ಹಳದಿ ಕಾಣುತ್ತದೆ. ಜಪಾನಿನ ವೈದ್ಯ ಇತ್ಸುರೊ ಯಮನೌಚಿ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಕಾಮಾಲೆ ಮೀಟರ್ ಇದೇ ಜಾಣ್ಮೆಯದು. ಗೊತ್ತುಪಡಿಸಿದ ಒತ್ತಡ ಮುಟ್ಟಿದಾಗ ಮಾತ್ರ ಅದರ ದೀಪ ಮಿನುಗುತ್ತಿತ್ತು. ಹಾಗಾಗಿ ಯಾರು ಒತ್ತಿದರೂ ಒತ್ತಡ ಒಂದೇ.

ಇದೇ ಬಗೆಯಲ್ಲಿ ಬೆಳಕಿನಿಂದ ಅಳೆಯುವ ಸ್ಮಾರ್ಟ್‌ವಾಚಿನ ಪಟ್ಟಿಗೆ ಅಂಥ ಕಾವಲಿಲ್ಲ. ಎಷ್ಟು ಬಿಗಿದುಕೊಳ್ಳಬೇಕೆಂಬುದು ಕಟ್ಟಿಕೊಂಡವರಿಗೇ ಬಿಟ್ಟದ್ದು. ನಿನ್ನೆಯ ಅಂಕಿಗೂ ಇಂದಿನ ಅಂಕಿಗೂ ತಾಳೆಯಾಗದಿದ್ದರೆ ದೇಹವನ್ನು ಅನುಮಾನಿಸುವ ಮೊದಲು ಪಟ್ಟಿ ಯಾವ ರಂಧ್ರದಲ್ಲಿದೆ ಎಂದು ನೋಡುವುದು ಒಳ್ಳೆಯದು.