ಲಾಲಾರಸ ನುಡಿಯುವ ಸಾಕ್ಷಿ

ಆಮ್ಲಜನಕವಿಲ್ಲದೆ ಮನುಷ್ಯನಿಗೆ ಜೀವವಿಲ್ಲ. ಆದರೆ ಆಹಾರವು ಶಕ್ತಿಯಾಗಿ ಮಾರ್ಪಡುವಾಗ ಅದೇ ಆಮ್ಲಜನಕದಿಂದ ಕೆಲವು ಉಗ್ರ ಕಣಗಳು ಹುಟ್ಟುತ್ತವೆ. ಅವುಗಳನ್ನು ಶಮನಗೊಳಿಸುವ ರಕ್ಷಕ ದ್ರವ್ಯಗಳೂ ದೇಹದಲ್ಲಿವೆ. ಉಗ್ರಕಣಗಳು ರಕ್ಷಕಗಳನ್ನು ಮೀರಿ ಜೀವಕೋಶಗಳನ್ನು ಸವೆಸುವ ಸ್ಥಿತಿಗೆ ‘ಉತ್ಕರ್ಷಣ ಒತ್ತಡ’ವೆಂದು ಹೆಸರು. ಜರ್ಮನಿಯ ವಿಜ್ಞಾನಿ ಹೆಲ್ಮುಟ್ ಸೀಸ್ ಅವರು 1985ರಲ್ಲಿ ಈ ಕಲ್ಪನೆಗೆ ಸ್ಪಷ್ಟ ರೂಪವಿತ್ತರು.

ಇದನ್ನು ಅಳೆಯಲು ಸೂಜಿ ಚುಚ್ಚಿ ರಕ್ತವನ್ನೇ ತೆಗೆಯಬೇಕೆಂದಿಲ್ಲ. ಕೊಬ್ಬಿನಂಶ ಕೆಟ್ಟಾಗ ಉಂಟಾಗುವ ಮ್ಯಾಲಾನ್‌ಡೈಆಲ್ಡಿಹೈಡ್, ರಕ್ಷಕಗಳಲ್ಲಿ ಪ್ರಮುಖವಾದ ಯೂರಿಕ್ ಆಮ್ಲ, ಇವೆರಡೂ ಲಾಲಾರಸದಲ್ಲಿ ದೊರೆಯುತ್ತವೆ. ಮಕ್ಕಳಿಗೂ ವೃದ್ಧರಿಗೂ ಈ ಪರೀಕ್ಷೆಯಿಂದ ನೋವಿಲ್ಲ.

ಆದರೆ ಸಾಕ್ಷಿಯ ಮಾತನ್ನು ವಿವೇಚಿಸಿ ಸ್ವೀಕರಿಸಬೇಕು. ವಸಡಿನ ಬೇನೆ, ಧೂಮಪಾನ, ಆಗತಾನೆ ಉಂಡ ಊಟ, ಇವೆಲ್ಲ ಅಂಕಿಯನ್ನು ಏರುಪೇರು ಮಾಡಬಲ್ಲವು. ಬಾಯಿಯ ವ್ಯಾಧಿಯನ್ನು ಸರ್ವಾಂಗದ ವ್ಯಾಧಿಯೆಂದು ಬಗೆಯಲಾಗದು. ಆರೋಗ್ಯಕ್ಕೂ ರೋಗಕ್ಕೂ ನಡುವೆ ಸರ್ವಸಮ್ಮತವಾದ ಗಡಿಸಂಖ್ಯೆಯೂ ಇನ್ನೂ ನಿಶ್ಚಯವಾಗಿಲ್ಲ.

ಅಂಕಿಗೆ ಅಂಜಿ ರಕ್ಷಕದ್ರವ್ಯದ ಗುಳಿಗೆಗಳನ್ನು ನುಂಗುವುದು ಇನ್ನೂ ಅಪಾಯಕರ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಬೀಟಾ ಕ್ಯಾರೊಟಿನ್ ಗುಳಿಗೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಗ್ಗುವುದಿರಲಿ, ಶೇ. 18ರಷ್ಟು ಹೆಚ್ಚಿತ್ತು! ರಕ್ಷಕವೆಂದು ನಂಬಿದ್ದೇ ಭಕ್ಷಕವಾಯಿತು.

ಆದುದರಿಂದ ಗೃಹಸ್ಥರು ಮೊದಲು ತಂಬಾಕನ್ನು ತೊರೆಯಲಿ. ಹಲ್ಲು ವಸಡುಗಳನ್ನು ಶುಚಿಯಾಗಿಡಲಿ. ಸೊಪ್ಪು, ಹಣ್ಣು, ಕಾಳುಗಳನ್ನು ನಿತ್ಯ ಉಣ್ಣಲಿ. ಪರೀಕ್ಷೆ ಮಾಡಿಸಿದರೆ ಅದರ ಅರ್ಥವನ್ನು ವೈದ್ಯರೇ ಹೇಳಲಿ, ಗುಳಿಗೆ ಮಾರುವವರಲ್ಲ.