ಹೂಡಿಕೆದಾರರಿಗೆ ಉತ್ತರ ಹೇಳುವ ಉದ್ಯೋಗ

ಪದವಿ ಮುಗಿಸಿ ಉದ್ಯೋಗವನ್ನು ಅರಸುತ್ತಿರುವ ನಮ್ಮ ಯುವಕ ಯುವತಿಯರಿಗೆ ಮ್ಯೂಚುವಲ್ ಫಂಡ್ ಸಂಸ್ಥೆಗಳಲ್ಲಿ ಎರಡು ಬಗೆಯ ಅವಕಾಶಗಳಿವೆ. ಬ್ಯಾಂಕುಗಳು, ವಿತರಕರು ಹಾಗೂ ಕಂಪೆನಿಗಳನ್ನು ಸಂಪರ್ಕಿಸಿ ಹೊಸ ಹೂಡಿಕೆಯನ್ನು ತರುವುದು ಒಂದು. ಈಗಾಗಲೇ ಹಣ ತೊಡಗಿಸಿದವರ ಪ್ರಶ್ನೆಗಳಿಗೆ ಉತ್ತರಿಸಿ ಅವರ ವಿಶ್ವಾಸವನ್ನು ಕಾಯ್ದುಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ಮಾತಿನ ಚಾತುರ್ಯ ಸಾಕೆಂದು ಅನೇಕರ ಭಾವನೆ. ಆದರೆ ಆಡಿದ ಮಾತಿಗೆ ಬೆಲೆ ಬರುವುದು ಎರಡನೆಯ ಕೆಲಸದಿಂದಲೇ.

ಭಾರತದಲ್ಲಿ ಈ ಕ್ಷೇತ್ರ ಆರಂಭವಾದುದು 1963ರ ಕಾಯಿದೆಯಂತೆ ಸ್ಥಾಪನೆಗೊಂಡ ಯೂನಿಟ್ ಟ್ರಸ್ಟ್ ಆಫ್ ಇಂಡಿಯಾದಿಂದ. 1987ರಲ್ಲಿ ಸಾರ್ವಜನಿಕ ರಂಗದ ಬ್ಯಾಂಕುಗಳು ಈ ಕ್ಷೇತ್ರವನ್ನು ಪ್ರವೇಶಿಸಿದವು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಅವುಗಳಲ್ಲೊಂದು. 1993ರಲ್ಲಿ ಖಾಸಗಿ ಸಂಸ್ಥೆಗಳಿಗೂ ಬಾಗಿಲು ತೆರೆಯಿತು.

ಈ ಬೆಳವಣಿಗೆಯ ನಡುವೆ ವಿಶ್ವಾಸಕ್ಕೆ ಪೆಟ್ಟು ಬಿದ್ದ ಸಂದರ್ಭಗಳೂ ಉಂಟು. 1964ರಲ್ಲಿ ಆರಂಭಗೊಂಡ ಯೂನಿಟ್ ಟ್ರಸ್ಟಿನ ಯು.ಎಸ್.-64 ಯೋಜನೆಯನ್ನು ಮಧ್ಯಮ ವರ್ಗದವರು ಬ್ಯಾಂಕ್ ಠೇವಣಿಯಷ್ಟೇ ಭದ್ರವೆಂದು ನಂಬಿದ್ದರು. ಅದರ ಯೂನಿಟ್ಟುಗಳ ಬೆಲೆಗೂ ಯೋಜನೆಯ ನಿಜವಾದ ಆಸ್ತಿಮೌಲ್ಯಕ್ಕೂ ತಾಳೆಯಿರಲಿಲ್ಲ. 2001ರ ಜುಲೈಯಲ್ಲಿ ಯೂನಿಟ್ಟುಗಳ ಮಾರಾಟ ಮತ್ತು ಮರುಖರೀದಿಯನ್ನು ಆರು ತಿಂಗಳ ಕಾಲ ನಿಲ್ಲಿಸಿದಾಗ, ನಿವೃತ್ತರಾದ ಅನೇಕರು ದಿಗಿಲುಗೊಂಡರು. 2003ರಲ್ಲಿ ಆ ಸಂಸ್ಥೆಯನ್ನೇ ಇಬ್ಭಾಗ ಮಾಡಲಾಯಿತು.

ಎರಡನೆಯ ಪ್ರಸಂಗಕ್ಕೆ ಕರ್ನಾಟಕದ ನಂಟಿದೆ. 2020ರ ಏಪ್ರಿಲ್ 23ರಂದು, ಕೋವಿಡ್ ಕಾಲದ ಬಿಕ್ಕಟ್ಟಿನಲ್ಲಿ, ಫ್ರಾಂಕ್ಲಿನ್ ಟೆಂಪಲ್ಟನ್ ಸಂಸ್ಥೆಯು ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಸುಮಾರು 25,000 ಕೋಟಿ ರೂಪಾಯಿ ಅವುಗಳಲ್ಲಿ ಸಿಲುಕಿತ್ತು. ಯೂನಿಟ್ಟುದಾರರ ಬಹುಮತದ ಒಪ್ಪಿಗೆಯಿಲ್ಲದೆ ಹೀಗೆ ಮುಚ್ಚಲಾಗದೆಂದು ಅದೇ ಅಕ್ಟೋಬರಿನಲ್ಲಿ ಕರ್ನಾಟಕ ಹೈಕೋರ್ಟು ತೀರ್ಪಿತ್ತಿತು. ಒಪ್ಪಿಗೆ ಅಗತ್ಯವೆಂಬುದನ್ನು 2021ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಮತದಾನದಲ್ಲಿ ಯೂನಿಟ್ಟುದಾರರು ಮುಚ್ಚುವುದಕ್ಕೇ ಸಮ್ಮತಿಸಿದರು. ಹಣ ಕಂತುಗಳಲ್ಲಿ ಮರಳಿ ಬಂದಿತು. ಆದರೂ ಹಣದ ಒಡೆಯರನ್ನು ಕೇಳಿಯೇ ತೀರ್ಮಾನಿಸಬೇಕೆಂಬ ತತ್ತ್ವ ಸ್ಥಿರವಾಯಿತು.

ಈ ಎರಡೂ ಸಂದರ್ಭಗಳಲ್ಲಿ ಹೂಡಿಕೆದಾರರ ಪ್ರಶ್ನೆ ಮೊದಲು ತಲುಪಿದ್ದು ಶಾಖೆಯ ಮೇಜಿನ ಹಿಂದೆ ಕುಳಿತ ಸಾಮಾನ್ಯ ನೌಕರನನ್ನು. "ನಮ್ಮ ಹಣ ಯಾವಾಗ ಸಿಗುತ್ತದೆ?" ಎಂದು ಕೇಳುವವರಿಗೆ ತಿಳಿದಷ್ಟನ್ನು ನೇರವಾಗಿ ಹೇಳುವುದೂ, ಸುಳ್ಳು ಭರವಸೆ ನೀಡದಿರುವುದೂ ಅವನ ಕರ್ತವ್ಯ. ಹೂಡಿಕೆದಾರ ತೀರಿಕೊಂಡಾಗ ನಾಮನಿರ್ದೇಶಿತ ಮಗಳಿಗೋ ಪತ್ನಿಗೋ ಹಣ ದೊರಕಿಸಿಕೊಡುವುದೂ ಇದೇ ವಿಭಾಗದ ಕೆಲಸ.

ಫಂಡುಗಳ ಮಾರಾಟಕ್ಕಿಳಿಯುವವರು ಎನ್.ಐ.ಎಸ್.ಎಂ. ಸಂಸ್ಥೆಯ 5-ಎ ಶ್ರೇಣಿಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಪ್ರವೇಶ ಶುಲ್ಕದ ಹೆಸರಿನಲ್ಲಿ ಹೂಡಿಕೆದಾರರ ಹಣದಿಂದ ಮುರಿದುಕೊಳ್ಳುವ ಪದ್ಧತಿಯನ್ನು 2009ರ ಆಗಸ್ಟಿನಲ್ಲಿ ಸೆಬಿ ರದ್ದುಪಡಿಸಿದೆ. ಆದರೂ ತಿಂಗಳ ಗುರಿ ಮುಟ್ಟುವ ಒತ್ತಡ ಈ ಉದ್ಯೋಗದಲ್ಲಿ ಇದ್ದೇ ಇದೆ. ಅಂಥ ಹೊತ್ತಿನಲ್ಲಿ ವೃದ್ಧರೊಬ್ಬರ ಜೀವಮಾನದ ಉಳಿತಾಯವನ್ನು ಅವರಿಗೆ ಸಲ್ಲದ ಯೋಜನೆಯಲ್ಲಿ ಹಾಕಿಸದಿರುವ ದೃಢತೆ ಯಾವ ಪರೀಕ್ಷೆಯಿಂದಲೂ ಬರುವುದಿಲ್ಲ. ಆ ದೃಢತೆಯುಳ್ಳ ತರುಣ ತರುಣಿಯರು ಧೈರ್ಯವಾಗಿ ಈ ಕ್ಷೇತ್ರಕ್ಕೆ ಬರಲಿ.